ತೆಳು ಅಟ್ಟೆಯ ಶೂಗೆ ಕಾಲನ್ನು ಒಗ್ಗಿಸಿಕೊಳ್ಳುವುದು ಹೇಗೆ

ಏಳನೇ ಕ್ಲಾಸಿನವರೆಗೆ ನಾನು ಬರಿಗಾಲಲ್ಲೇ ಸ್ಕೂಲಿಗೆ ಹೋದವಳು. ಪಿರಿಯಾಪಟ್ಟಣದ ಹತ್ತಿರ ನಮ್ಮೂರು. ಮನೆಯಿಂದ ಸ್ಕೂಲಿಗೆ ಮೂರು ಕಿಲೋಮೀಟರ್, ಅರ್ಧ ದಾರಿ ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ. ಹಾಗಾಗಿ ನಲವತ್ತೊಂದನೇ ವಯಸ್ಸಿನಲ್ಲಿ ‘ಬೇರ್‌ಫುಟ್ ಶೂ’ ಕೊಂಡಾಗ, ಇದಕ್ಕೇನು ಅಭ್ಯಾಸ ಬೇಕು, ಕಾಲಿಗೆ ಗೊತ್ತಿರುವುದೇ ತಾನೇ ಅಂದುಕೊಂಡೆ. ಮೂರನೇ ದಿನವೇ ಓಡಿದೆ. ಐದನೇ ವಾರಕ್ಕೆ ಬಲಗಾಲಿನ ಎರಡನೇ ಬೆರಳಿನ ಹಿಂದೆ, ಪಾದದ ಮೇಲ್ಭಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವು ಕೂತಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಮೂಳೆಯೊಳಗೆ ಊತ ಇದೆ, ಹೀಗೇ ಓಡುತ್ತಿದ್ದರೆ ಬಿರುಕು ಬಿಡಬಹುದು ಎಂದರು ಡಾಕ್ಟರು. ಆರು ವಾರ ಓಟ ನಿಂತಿತು.

ಆಮೇಲೆ ಮೊದಲಿನಿಂದ, ಕ್ರಮವಾಗಿ ಶುರು ಮಾಡಿದೆ. ಈಗ ನಾಲ್ಕು ವರ್ಷವಾಯಿತು. ಮೈಸೂರಿನ ಹೈಸ್ಕೂಲಿನಲ್ಲಿ ದಿನಕ್ಕೆ ಐದು ಪೀರಿಯಡ್ ನಿಂತು ಗಣಿತ ಹೇಳಿಕೊಡುವುದೂ, ವಾರಕ್ಕೆ ಮೂರು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುವುದೂ ಇಂಥ ಶೂಗಳಲ್ಲೇ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿದ್ದೇವೆ ಎಂಬ ಧೈರ್ಯದಲ್ಲಿ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಆ ಕಾಲು ಈಗ ಇಲ್ಲ. ಇಪ್ಪತ್ತೈದು ವರ್ಷ ಶೂ, ಹೀಲ್ಸು, ಮೆತ್ತನೆ ಚಪ್ಪಲಿ ಹಾಕಿಕೊಂಡ ಮೇಲೆ ಅಂಗಾಲಿನ ಸ್ನಾಯು ಸೊರಗಿರುತ್ತದೆ, ಮೀನಖಂಡ ಬಿಗಿದಿರುತ್ತದೆ, ಮೈಭಾರವೂ ಆಗಿನದಲ್ಲ.

ಮೊದಲು ಈ ಶೂ ಏನು ಎಂಬುದು. ಮಾಮೂಲಿ ರನ್ನಿಂಗ್ ಶೂನಲ್ಲಿ ಹಿಮ್ಮಡಿಯು ಮುಂಗಾಲಿಗಿಂತ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಕೆಳಗೆ ದಪ್ಪ ಫೋಮ್. ಬೇರ್‌ಫುಟ್ ಶೂನಲ್ಲಿ ಎರಡೂ ಒಂದೇ ಮಟ್ಟ. ಅಂಗಡಿಯವರು ಜೀರೋ ಡ್ರಾಪ್ ಅನ್ನುವುದು ಇದಕ್ಕೇ. ಅಟ್ಟೆ ತೆಳುವಾಗಿ, ಚಪಾತಿಯ ಹಾಗೆ ಕೈಯಲ್ಲಿ ಸುರುಳಿ ಸುತ್ತುವಂತಿರುತ್ತದೆ. ಮುಂಭಾಗ ಬೆರಳುಗಳು ಹರಡುವಷ್ಟು ಅಗಲ. ಈ ಮೂರರಲ್ಲಿ ನನ್ನ ಮಟ್ಟಿಗೆ ಅಗಲವೇ ಮುಖ್ಯ. ಬೇರೇನೂ ಬೇಡ ಎಂದು ತೀರ್ಮಾನಿಸಿದವರು ಕೂಡ ಬೆರಳಿಗೆ ಜಾಗ ಕೊಡುವ ಶೂ ಹಾಕಿಕೊಂಡರೆ ಸಾಕಷ್ಟು ಸುಖ ಸಿಗುತ್ತದೆ. ನನ್ನ ಕಿರುಬೆರಳಿನ ಮೇಲೆ ಹದಿನೈದು ವರ್ಷದಿಂದ ಇದ್ದ ಆಣಿ ಎಂಟು ತಿಂಗಳಲ್ಲಿ ಹೋಯಿತು.

ಹವಾಯಿ ಚಪ್ಪಲಿಯೂ ಮಟ್ಟಸವಾಗಿಯೇ ಇದೆಯಲ್ಲ, ಅಥಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಯೂ ಹಾಗೇ ಅಲ್ಲವೇ ಎಂದು ಕೇಳುತ್ತಾರೆ. ಮಟ್ಟಸ ಹೌದು, ಅಗಲವೂ ಹೌದು. ಆದರೆ ಹಿಮ್ಮಡಿಗೆ ಪಟ್ಟಿ ಇಲ್ಲದ ಕಾರಣ ಪ್ರತಿ ಹೆಜ್ಜೆಗೂ ಚಪ್ಪಲಿ ಜಾರದಂತೆ ಬೆರಳುಗಳು ಹಿಡಿದುಕೊಳ್ಳಬೇಕು. ಸುತ್ತಾಡಲು ಅಡ್ಡಿಯಿಲ್ಲ, ಓಟಕ್ಕೆ ಆಗದು. ಮೆಕ್ಸಿಕೋದ ಬೆಟ್ಟಗಳಲ್ಲಿ ದೂರದೂರ ಓಡುವ ತಾರಾಹುಮಾರ ಜನರ ಹುವಾರಾಚೆ ಚಪ್ಪಲಿಯಲ್ಲಿ ದಾರವನ್ನು ಹಿಮ್ಮಡಿಯ ಸುತ್ತ ಬಿಗಿಯುತ್ತಾರೆ, ವ್ಯತ್ಯಾಸ ಇರುವುದೇ ಅಲ್ಲಿ.

ಅಳತೆ ಮನೆಯಲ್ಲೇ ತೆಗೆಯಿರಿ, ಸಂಜೆ ಹೊತ್ತು. ದಿನವಿಡೀ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ಡ್ರಾಯಿಂಗ್ ಶೀಟನ್ನು ಗೋಡೆಗೆ ತಾಗಿಸಿ ಹಾಸಿ, ಹಿಮ್ಮಡಿ ಗೋಡೆಗೆ ಮುಟ್ಟಿಸಿ, ಭಾರ ಪೂರ್ತಿ ಬಿಟ್ಟು ನಿಲ್ಲಿ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಲು ಮನೆಯವರಿಗೆ ಹೇಳಿ, ನೀವೇ ಬಗ್ಗಿದರೆ ಪಾದದ ಆಕಾರ ಬದಲಾಗುತ್ತದೆ. ಎರಡೂ ಕಾಲಿನದು ಬೇಕು. ನನ್ನ ಎಡಗಾಲು 238 ಮಿಲಿಮೀಟರ್, ಬಲಗಾಲು 242. ದೊಡ್ಡ ಕಾಲಿನ ಉದ್ದಕ್ಕೆ 8ರಿಂದ 12 ಮಿಲಿಮೀಟರ್ ಸೇರಿಸಿ, ಅಷ್ಟು ಒಳ ಉದ್ದ ಇರುವ ಶೂ ಹುಡುಕಿ. ಗೆರೆಯನ್ನು ಕತ್ತರಿಸಿ ಈಗಿನ ಶೂ ಒಳಗಿನ ಇನ್‌ಸೋಲ್ ಮೇಲಿಟ್ಟು ನೋಡಿ. ನಾನು ಇಟ್ಟಾಗ ಕಿರುಬೆರಳು ಅರ್ಧದಷ್ಟು ಇನ್‌ಸೋಲಿನ ಹೊರಗಿತ್ತು. ಹೆರಿಗೆಯಾದವರು ಹಳೆಯ ಸೈಜನ್ನು ನಂಬಬೇಡಿ. ನನಗೆ ಎರಡನೇ ಮಗುವಿನ ಹೊತ್ತಿಗೆ 5 ಇದ್ದದ್ದು 6 ಆಗಿ, ಅಲ್ಲೇ ನಿಂತಿತು.

ವಿಬ್ರಮ್‌ನ ಐದು ಬೆರಳಿನ ಶೂ, ವೀವೋಬೇರ್‌ಫುಟ್, ಜೀರೋ (Xero) ಕಂಪನಿಯವು, ಮೆರೆಲ್‌ನ ವೇಪರ್ ಗ್ಲೋವ್ ಈ ಜಾತಿಯ ಹೆಸರಾದ ಶೂಗಳು. ಹೊರಗಿನಿಂದ ತರಿಸಿದರೆ ಕೆಲವಕ್ಕೆ ಹತ್ತು ಸಾವಿರ ದಾಟುತ್ತದೆ. ಮೊದಲ ಜೋಡಿಗೆ ಅಷ್ಟು ಸುರಿಯಬೇಡಿ. ನಾನು ಕೊಂಡದ್ದು ಎರಡೂವರೆ ಸಾವಿರದ್ದು. ಬೆಲೆ ಎಷ್ಟಾದರೂ ಇರಲಿ, ಸುರುಳಿ ಸುತ್ತಿ ನೋಡಿ, ಟವೆಲ್ ಹಿಂಡುವಂತೆ ತಿರುಚಿ ನೋಡಿ, ಟೇಬಲ್ ಮೇಲಿಟ್ಟು ಹಿಮ್ಮಡಿ ಎತ್ತರವಾಗಿದೆಯೇ ಎಂದು ಕಣ್ಣಳತೆ ಮಾಡಿ. ಸೀರೆಗೆ ಹೊಂದುವಂಥದ್ದು ಬೇಕಾದರೆ ಕಪ್ಪು ಬಣ್ಣದ, ಲೇಸ್ ಇಲ್ಲದ ಜೋಡಿ ನೋಡಿ. ನಾನು ಶಾಲೆಗೆ ಹಾಕುವುದು ಅದನ್ನೇ, ಇವತ್ತಿನವರೆಗೆ ಯಾರೂ ಬೇರೆ ಥರ ಇದೆ ಅಂದಿಲ್ಲ.

ಈಗ ಮುಖ್ಯ ಮಾತು. ತೆಳು ಅಟ್ಟೆಯಲ್ಲಿ ಓಡುವಾಗ ಕಾಲು ನೆಲಕ್ಕೆ ಬೀಳುವ ಬಗೆ ಬದಲಾಗುತ್ತದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಬರಿಗಾಲಲ್ಲೇ ಓಡಿ ಬೆಳೆದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಶೂ ಹಾಕಿ ಬೆಳೆದವರು ಹಿಮ್ಮಡಿಯನ್ನು. ಹಿಮ್ಮಡಿ ಬಡಿದಾಗ ಬರುವ ಗುದ್ದು ಮುಂಗಾಲಲ್ಲಿ ಊರಿದಾಗ ಬಹುಪಾಲು ಬರುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಭಾರ ಮಾಯವಾಗುವುದಿಲ್ಲ, ಮೊಣಕಾಲಿನಿಂದ ಇಳಿದು ಮೀನಖಂಡಕ್ಕೆ, ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜುವಿಗೆ, ಪಾದದ ಸಣ್ಣ ಮೂಳೆಗಳಿಗೆ ಬರುತ್ತದೆ. ಸ್ನಾಯು ಕೆಲವೇ ವಾರದಲ್ಲಿ ಗಟ್ಟಿಯಾದೀತು, ಮೂಳೆ ಮತ್ತು ರಜ್ಜು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರದಲ್ಲಿ ಐದು ಬೆರಳಿನ ಶೂಗೆ ಬದಲಾದ 19 ಓಟಗಾರರ ಪೈಕಿ 10 ಮಂದಿಯ ಪಾದದ ಮೂಳೆಗಳಲ್ಲಿ ಊತ ಹೆಚ್ಚಿತ್ತು. ನನಗಾದದ್ದೂ ಅದೇ. ಐದನೇ ವಾರದಲ್ಲಿ ನನ್ನ ಮೀನಖಂಡಕ್ಕೆ ಏನೂ ನೋವಿರಲಿಲ್ಲ, ಮೈ ಹಗುರಾಗಿತ್ತು, ಆ ಹುರುಪಿನಲ್ಲೇ ಕೆರೆಗೆ ಪೂರ್ತಿ ಸುತ್ತು ಹಾಕಿದ್ದೆ.

ಆದ್ದರಿಂದ ಮೊದಲು ನಡಿಗೆ, ಓಟ ಕೊನೆಗೆ. ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ, ತರಕಾರಿಗೆ ಹೋಗಿಬರುವಷ್ಟು. ಮನೆಯೊಳಗೆ ಬರಿಗಾಲು. ಮೂರನೇ ವಾರದಿಂದ ಎರಡು ಗಂಟೆ, ಮೂರು ಗಂಟೆ. ನಾನು ಹಳೆಯ ಶೂವನ್ನು ಸ್ಟಾಫ್ ರೂಮಿನಲ್ಲೇ ಇಟ್ಟು, ಬೆಳಗಿನ ಎರಡು ಪೀರಿಯಡ್ ಆದ ಮೇಲೆ ಬದಲಾಯಿಸುತ್ತಿದ್ದೆ. ಎರಡು ತಿಂಗಳಿಗೆ ಇಡೀ ದಿನ ಹಾಕುವಂತಾಯಿತು. ಇದು ಬರೀ ಕಾಯುವ ಕಾಲವಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2021ರಲ್ಲಿ ಕಂಡುಕೊಂಡಂತೆ, ಓಟವಿಲ್ಲದೆ ದಿನನಿತ್ಯದ ಓಡಾಟಕ್ಕೆ ಆರು ತಿಂಗಳು ಇಂಥ ಶೂ ಹಾಕಿದವರ ಪಾದದ ಬಲ ಸರಾಸರಿ ಶೇ. 57ರಷ್ಟು ಹೆಚ್ಚಿತ್ತು. ಓಡುವ ಆಸೆಯೇ ಇಲ್ಲದವರಿಗೆ ಇಷ್ಟೇ ಸಾಕು.

ನಡೆಯುವಾಗ ಹಿಮ್ಮಡಿ ಮೊದಲು ಊರಲಿ, ನಡಿಗೆಯಲ್ಲಿ ಅದೇ ಸಹಜ. ತುದಿಗಾಲಲ್ಲಿ ನಡೆಯಲು ಹೋಗಬೇಡಿ. ಹೆಜ್ಜೆ ಮಾತ್ರ ಗಿಡ್ಡವಾಗಲಿ, ದಢದಢ ಸದ್ದು ಕೇಳಿಸದಿರಲಿ.

ಜೊತೆಗೆ ದಿನಕ್ಕೆ ಹತ್ತು ನಿಮಿಷದ ವ್ಯಾಯಾಮ. ಕುಕ್ಕರುಗಾಲಲ್ಲಿ, ಹಿಮ್ಮಡಿ ನೆಲ ಬಿಡದಂತೆ, ಎರಡು ನಿಮಿಷ ಕೂರಿ. ನಮ್ಮ ಹಿರಿಯರಿಗೆ ಇದೊಂದು ವ್ಯಾಯಾಮವೇ ಅಲ್ಲ, ನನಗೆ ಆಗ ಹಿಮ್ಮಡಿ ಎರಡಂಗುಲ ಮೇಲೇ ಇರುತ್ತಿತ್ತು, ಕಿಟಕಿಯ ಸರಳು ಹಿಡಿದು ಕೂತು ಕಲಿತೆ. ಹಲ್ಲುಜ್ಜುವಾಗ ಹೆಬ್ಬೆರಳನ್ನಷ್ಟೇ ಎತ್ತಿ, ಉಳಿದ ನಾಲ್ಕು ನೆಲದಲ್ಲಿರಲಿ. ಆಮೇಲೆ ತಿರುವುಮುರುವು ಮಾಡಿ. ಮೊದಲ ವಾರ ಬೆರಳು ಮಾತು ಕೇಳುವುದಿಲ್ಲ, ಕೈಯಿಂದ ಹಿಡಿದು ಎತ್ತಿ ತೋರಿಸಿದರೆ ಕಲಿಯುತ್ತದೆ. ಮೂರನೆಯದು, ಬೆರಳು ಮಡಚದೆ ಅಂಗಾಲನ್ನಷ್ಟೇ ಗಿಡ್ಡ ಮಾಡಿದಂತೆ ಹಿಮ್ಮಡಿಯ ಕಡೆಗೆ ಎಳೆದು ಪಾದದ ಕಮಾನನ್ನು ಎತ್ತುವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿ ಎತ್ತಿ, ನಿಧಾನವಾಗಿ ಮೂರು ಎಣಿಸುತ್ತ ಇಳಿಸುವುದು. ಎರಡು ಕಾಲಲ್ಲಿ ಹದಿನೈದರಂತೆ ಮೂರು ಸಲ. ನಂತರ ಒಂದೇ ಕಾಲಲ್ಲಿ. ಒಂಟಿ ಕಾಲಲ್ಲಿ ನೋವಿಲ್ಲದೆ ಇಪ್ಪತ್ತು ಆಗುವವರೆಗೆ ಈ ಶೂನಲ್ಲಿ ಓಡಬಾರದು. ಇದು ನಾನು ನನಗೆ ಹಾಕಿಕೊಂಡ ನಿಯಮ, ಎರಡನೇ ಸಲ ನನ್ನನ್ನು ಉಳಿಸಿದ್ದು ಇದೇ.

ಓಟ ಶುರುವಾದಾಗ ನಿಮ್ಮ ಮಾಮೂಲಿ ಶೂನಲ್ಲೇ ಓಡಿ, ಕೊನೆಯ 400 ಮೀಟರಿಗೆ ಮಾತ್ರ ತೆಳು ಶೂಗೆ ಬದಲಾಯಿಸಿ. ಎರಡು ದಿನ ಬಿಟ್ಟು ಮತ್ತೆ 400. ಎರಡು ವಾರ ಏನೂ ತೊಂದರೆ ಇಲ್ಲದಿದ್ದರೆ 600, ಆಮೇಲೆ 800. ಐದು ಕಿಲೋಮೀಟರ್ ಪೂರ್ತಿ ಈ ಶೂನಲ್ಲೇ ಓಡಲು ನನಗೆ ಏಳು ತಿಂಗಳು ಹಿಡಿಯಿತು. ಮುಂಗಾಲಲ್ಲೇ ಊರಬೇಕು ಎಂದು ಹಟ ಹಿಡಿದರೆ ಮೀನಖಂಡ ಹರಿದುಹೋಗುವಷ್ಟು ಬಿಗಿಯುತ್ತದೆ. ಅದರ ಬದಲು ಹೆಜ್ಜೆ ಎಣಿಸಿ. ಮೂವತ್ತು ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಊರಿತು ನೋಡಿ ನಾಲ್ಕರಿಂದ ಗುಣಿಸಿ. ನನ್ನದು ನಿಮಿಷಕ್ಕೆ 156 ಇತ್ತು. ವೇಗ ಹೆಚ್ಚಿಸದೆ ಶೇ. 5ರಿಂದ 10ರಷ್ಟು ಏರಿಸಿದರೆ ಸಾಕು, ಪಾದ ಮೈಯ ಮುಂದೆ ದೂರ ಚಾಚದೆ ತಾನಾಗಿ ಮೈಯ ಕೆಳಗೇ ಬೀಳುತ್ತದೆ. ಮುಂಗಾಲು ಊರಿದ ಮೇಲೆ ಹಿಮ್ಮಡಿಯೂ ಒಮ್ಮೆ ನೆಲ ಮುಟ್ಟಲಿ.

ಕಲಿಯಲು ನುಣುಪಾದ ಗಟ್ಟಿ ನೆಲವೇ ಒಳ್ಳೆಯದು, ತಪ್ಪಾಗಿ ಊರಿದರೆ ಅದು ತಕ್ಷಣ ಹೇಳುತ್ತದೆ. ಮೆತ್ತನೆಯ ನೆಲದಲ್ಲಿ ತಪ್ಪು ಗೊತ್ತಾಗುವುದಿಲ್ಲ. ಕಂಬಳದವರು ಬರಿಗಾಲಲ್ಲೇ ಓಡುತ್ತಾರಲ್ಲ ಎಂದು ಮಂಗಳೂರು ಕಡೆಯ ನಮ್ಮ ಸಹೋದ್ಯೋಗಿಯೊಬ್ಬರು ವಾದಿಸಿದರು. ಆ ಓಟ ಸುಮಾರು 140 ಮೀಟರ್, ಕೆಸರುಗದ್ದೆಯಲ್ಲಿ. ನಾವು ಓಡುವುದು ಡಾಂಬರಿನ ಮೇಲೆ, ಸಾವಿರಾರು ಹೆಜ್ಜೆ. ಕೆರೆ ಏರಿಯ ಮಣ್ಣುದಾರಿಯಲ್ಲಿ ಬೇರು, ಚೂಪುಗಲ್ಲು ನೋಡಿಕೊಳ್ಳಬೇಕು. ಜಾಲಿ ಮುಳ್ಳು 4 ಮಿಲಿಮೀಟರಿನ ಅಟ್ಟೆಯನ್ನು ಸಲೀಸಾಗಿ ತೂರಿ ಬರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು, ಟೈಲ್ಸಿನ ಮೇಲೆ ಇವು ಜಾರುತ್ತವೆ. ಏಪ್ರಿಲ್‌ನಲ್ಲಿ ಹತ್ತು ಗಂಟೆ ಮೇಲೆ ಡಾಂಬರಿನ ಕಾವು ಅಂಗಾಲಿಗೆ ನೇರ ತಟ್ಟುತ್ತದೆ.

ಯಾವ ನೋವು ಸಹಜ, ಯಾವುದು ಅಲ್ಲ? ಮೀನಖಂಡದ ತುಂಬ ಹರಡಿದ ಮೈಕೈ ನೋವಿನಂಥದ್ದು ಎರಡು ದಿನದಲ್ಲಿ ಹೋದರೆ ಹೆದರಬೇಡಿ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚಿದರೆ, ಅಕಿಲಿಸ್ ರಜ್ಜು ಬಿಗಿದು ಮುಟ್ಟಿದರೆ ನೋಯುವಂತಿದ್ದರೆ, ಒಂದು ಹಂತ ಹಿಂದಕ್ಕೆ ಹೋಗಿ. ಪಾದದ ಮೇಲೆ ಒಂದೇ ಬೆರಳಿನಿಂದ ಒತ್ತಿ ‘ಇಲ್ಲೇ’ ಎಂದು ತೋರಿಸುವಂಥ ನೋವು, ಕುಂಟುಬಿಲ್ಲೆ ಆಡಿದಂತೆ ಒಂಟಿ ಕಾಲಲ್ಲಿ ಜಿಗಿದಾಗ ಹೆಚ್ಚಾಗುವ ನೋವು ಬಂದರೆ ಓಟ ಆವತ್ತೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ನಮ್ಮತ್ತೆ ನನ್ನ ಶೂ ನೋಡಿ, ಬಹಳ ಹಗುರಾಗಿದೆ, ನನಗೂ ಒಂದು ಜೊತೆ ತರಿಸಮ್ಮ ಅಂದರು. ತರಿಸಲಿಲ್ಲ. ಅವರಿಗೆ ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ, ಅಂಗಾಲು ಜೋಮು. ಮುಳ್ಳು ಚುಚ್ಚಿದ್ದೇ ತಿಳಿಯದ ಕಾಲಿಗೆ ತೆಳು ಅಟ್ಟೆ ಅಪಾಯ. ಅವರಿಗೆ ಡಾಕ್ಟರು ಹೇಳಿದ, ಮೆತ್ತನೆ ರಬ್ಬರಿನ ಅಟ್ಟೆಯ ಎಂಸಿಆರ್ ಚಪ್ಪಲಿಯೇ ಸರಿ. ಮನೆಯಲ್ಲಿ ಡಯಾಬಿಟಿಸ್ ಇರುವವರು ದಯವಿಟ್ಟು ಇದನ್ನು ಗಟ್ಟಿಯಾಗಿ ನೆನಪಿಡಿ. ಹೆಬ್ಬೆರಳಿನ ಬುಡ ಮಡಚಲು ಬಾರದವರು, ಇತ್ತೀಚೆಗೆ ಪಾದದ ಮೂಳೆ ಮುರಿದವರು ಕೂಡ ಕೇಳಿಯೇ ಮುಂದುವರಿಯಬೇಕು. ಇನ್ನು ದಪ್ಪ ಶೂನಲ್ಲಿ ಯಾವ ನೋವೂ ಇಲ್ಲದೆ ಸುಖವಾಗಿ ಓಡುತ್ತಿರುವವರು ಓಟಕ್ಕಾಗಿ ಬದಲಾಯಿಸಲೇಬೇಕೆಂದು ನಾನು ಹೇಳಲಾರೆ. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದು ಬರಿಗಾಲಲ್ಲಿ, 1964ರಲ್ಲಿ ಟೋಕಿಯೋದಲ್ಲಿ ಗೆದ್ದದ್ದು ಶೂ ಹಾಕಿಕೊಂಡು.

ಕಾಲುಚೀಲ ಹಾಕುವುದಾದರೆ ಬೆರಳು ಬೇರೆಬೇರೆ ಇರುವಂಥದ್ದು ಹಾಕಿ, ಬಿಗಿಯಾದ ಮಾಮೂಲಿ ಕಾಲುಚೀಲ ಬೆರಳುಗಳನ್ನು ಮತ್ತೆ ಒತ್ತುತ್ತದೆ. ಶೂವನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತೊಳೆಯುವಾಗ ಅಟ್ಟೆಯನ್ನು ತಿರುಗಿಸಿ ನೋಡುವುದು ನನ್ನ ಅಭ್ಯಾಸ. ಹಿಮ್ಮಡಿಯ ಹೊರ ಅಂಚು ಬೇಗ ಸವೆದಿದ್ದರೆ ಓಡುವಾಗ ಕಾಲನ್ನು ಇನ್ನೂ ಮುಂದಕ್ಕೆ ಚಾಚುತ್ತಿದ್ದೇನೆ ಎಂದರ್ಥ ಮಾಡಿಕೊಳ್ಳುತ್ತೇನೆ, ಮುಂಗಾಲಿನ ಕೆಳಗೆ ಒಂದು ಕಡೆ ಉಂಗುರದಂತೆ ಸವೆದಿದ್ದರೆ ಪಾದ ನೆಲದ ಮೇಲೆ ತಿರುಚುತ್ತಿದೆ ಎಂದು. ಮೊದಲ ಜೋಡಿಯಲ್ಲಿ ಎರಡೂ ಇತ್ತು, ಬಲಗಾಲಿನದರಲ್ಲಿ ಹೆಚ್ಚು. ಈಗಿನ ಜೋಡಿ ಹದಿನಾಲ್ಕು ತಿಂಗಳಾಗಿ, ಮುಂಗಾಲಿನ ಅಡ್ಡಕ್ಕೂ ಒಂದೇ ಸಮನಾಗಿ ಸವೆಯುತ್ತಿದೆ.