ಗ್ರಾಫೈಟ್ ಗಣಿಗೆ ದುಡ್ಡು ಹಾಕಿದ ಮಂಡ್ಯದವನ ಲೆಕ್ಕ

ನನ್ನದು ಮಂಡ್ಯದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಮೋಟಾರೇ ಜಾಸ್ತಿ, ಜೊತೆಗೆ ಮಿಕ್ಸಿ, ಡ್ರಿಲ್ಲಿಂಗ್ ಮಷಿನ್ ಬರುತ್ತವೆ. ಪಂಪ್‌ಸೆಟ್ಟಿಗೆ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಪ್ಪು ತುಂಡು) ಇರುವುದಿಲ್ಲ, ಮಿಕ್ಸಿಗೆ ಇರುತ್ತದೆ. ಸವೆದ ಬ್ರಷ್ ತೆಗೆದು ಹೊಸದು ಕೂರಿಸುವಷ್ಟರಲ್ಲಿ ಬೆರಳ ತುದಿಗೆ ಕಪ್ಪು ಮೆತ್ತಿಕೊಂಡಿರುತ್ತದೆ. ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಅದು ಗ್ರಾಫೈಟ್. ಇಪ್ಪತ್ತು ವರ್ಷ ಅದನ್ನು ಕೈಗೆ ಮೆತ್ತಿಕೊಂಡವನಿಗೆ, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲೂ ಅದೇ ಇದೆ ಅಂತ ಗೊತ್ತಾಗಿದ್ದು ಲಿಥಿಯಂ ಸುದ್ದಿ ಓದುವಾಗ.

2020ರ ಫೆಬ್ರುವರಿ ನಿಮಗೂ ನೆನಪಿರಬಹುದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಹತ್ತಿರ ಲಿಥಿಯಂ ಸಿಕ್ಕಿದೆ, 14,100 ಟನ್ ಇದೆ ಅಂತ ಪೇಪರಿನಲ್ಲೆಲ್ಲಾ ಬಂತು. ಟೀ ಅಂಗಡಿಯಲ್ಲಿ ಮಂಡ್ಯ ಇನ್ನೇನು ದುಬೈ ಆಗಿಹೋಗಿತ್ತು. ಆಮೇಲೆ ಸರ್ಕಾರ ಅಧಿಕೃತವಾಗಿ ಹೇಳಿದ ಲೆಕ್ಕ 1,600 ಟನ್. ಅದೂ 'ಇನ್‌ಫರ್ಡ್' ದರ್ಜೆ. ಈ ಇನ್‌ಫರ್ಡ್ ಅಂದ್ರೆ ಏನು ಅಂತ ಹುಡುಕಿಕೊಂಡು ಹೋದದ್ದೇ ನನ್ನ ಗಣಿ ಹುಚ್ಚಿನ ಶುರು.

ನಮ್ಮ ಕಡೆಯವರಿಗೆ ಇದನ್ನು ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದರೆ ಬೇಗ ಗೊತ್ತಾಗುತ್ತದೆ. ನೀರು ನೋಡುವವರು ಬಂದು, ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು 'ಇಲ್ಲಿದೆ' ಅನ್ನುತ್ತಾರಲ್ಲ, ಇನ್‌ಫರ್ಡ್ ಅದಕ್ಕಿಂತ ಒಂದೆರಡು ಮೆಟ್ಟಿಲು ಮೇಲೆ. ಅಲ್ಲೊಂದು ಇಲ್ಲೊಂದು ಕೊರೆದು ನೋಡಿರುತ್ತಾರೆ, ಉಳಿದದ್ದು ಅಂದಾಜು. ಅಕ್ಕಪಕ್ಕದ ನಾಲ್ಕು ಜಮೀನಿನಲ್ಲಿ ನೀರು ಬಿದ್ದಿದ್ದರೆ ಅದು 'ಇಂಡಿಕೇಟೆಡ್'. ಒತ್ತೊತ್ತಾಗಿ ಕೊರೆದು ಖಚಿತ ಮಾಡಿಕೊಂಡದ್ದು 'ಮೆಷರ್ಡ್'. ಇಷ್ಟಾದರೂ ಅದು 'ರಿಸೋರ್ಸ್' ಅಷ್ಟೇ. ಮೋಟಾರು, ಪೈಪು, ಕರೆಂಟು ಎಲ್ಲದರ ಖರ್ಚು ಕಳೆದು ಈ ನೀರೆತ್ತಿದರೆ ಲಾಭ ಇದೆ ಅಂತ ಲೆಕ್ಕ ಮಾಡಿ ತೋರಿಸಿದ ಪಾಲಿಗೆ ಮಾತ್ರ 'ರಿಸರ್ವ್' ಅನ್ನುತ್ತಾರೆ. ಆಸ್ಟ್ರೇಲಿಯಾದ ಕಂಪನಿಗಳು ಜಾರ್ಕ್ ಅನ್ನುವ ನಿಯಮದ ಪ್ರಕಾರ, ಕೆನಡಾದವು ಎನ್‌ಐ 43-101 ಪ್ರಕಾರ ಇದನ್ನೆಲ್ಲ ಬೇರೆಬೇರೆಯಾಗಿ ಬರೆದು ತೋರಿಸಬೇಕು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವುದು ಮಾತ್ರ ಎಲ್ಲಾ ಕೂಡಿಸಿದ ರಿಸೋರ್ಸನ್ನೇ.

ಲಿಥಿಯಂ ಬಿಟ್ಟು ಗ್ರಾಫೈಟಿಗೆ ಯಾಕೆ ಹೋದೆ? ಹೆಸರು ಲಿಥಿಯಂ ಬ್ಯಾಟರಿ, ಆದರೆ ತೂಕ ಹಾಕಿದರೆ ಒಳಗೆ ಲಿಥಿಯಂಗಿಂತ ಗ್ರಾಫೈಟೇ ಜಾಸ್ತಿ. ಒಂದು ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ. ಬ್ಯಾಟರಿಯ ಆನೋಡ್, ಅಂದರೆ ಚಾರ್ಜ್ ಮಾಡುವಾಗ ಲಿಥಿಯಂ ಹೋಗಿ ಕೂರುವ ಜಾಗ, ಗ್ರಾಫೈಟಿನದೇ. ಕೋಬಾಲ್ಟ್, ನಿಕ್ಕಲ್ ಇಲ್ಲದ ಎಲ್‌ಎಫ್‌ಪಿ ಬ್ಯಾಟರಿ ಬಂದರೂ ಬದಲಾಗಿದ್ದು ಆನೋಡಿನ ಎದುರು ಕಡೆಯ ಕ್ಯಾಥೋಡ್. ಗ್ರಾಫೈಟ್ ಹಾಗೇ ಉಳಿಯಿತು. ಇದನ್ನು ಆನೋಡ್ ದರ್ಜೆಗೆ ತರುವ ಕೆಲಸವೋ, ಬಹುಪಾಲು ಚೀನಾದ ಕೈಯಲ್ಲಿ. ಹಾಗಾದರೆ ಚೀನಾದ ಹೊರಗೆ ಗಣಿ ತೆಗೆಯುವವನಿಗೆ ಕಾಲ ಬಂತು ಅಂತ ನಾನು ಲೆಕ್ಕ ಹಾಕಿದೆ. ಲೆಕ್ಕ ಪೂರ್ತಿ ತಪ್ಪಲ್ಲ, ಅರ್ಧಕ್ಕೇ ನಿಲ್ಲಿಸಿದ್ದು ತಪ್ಪು.

ಮೊದಲು ನಮ್ಮ ಷೇರುಪೇಟೆಯಲ್ಲೇ ಹುಡುಕಿದೆ. ಗ್ರಾಫೈಟ್ ಇಂಡಿಯಾ, ಎಚ್‌ಇಜಿ ಕಣ್ಣಿಗೆ ಬಿದ್ದವು. ಹೆಸರು ನೋಡಿ ಗಣಿ ಅಂದುಕೊಳ್ಳಬೇಡಿ. ಇವು ತೈಲದ ಉಳಿಕೆಯಿಂದ ಮಾಡುವ ನೀಡಲ್ ಕೋಕ್‌ನಿಂದ ಉಕ್ಕಿನ ಕುಲುಮೆಗೆ ಕರೆಂಟು ಹಾಯಿಸುವ ಎಲೆಕ್ಟ್ರೋಡ್ ಮಾಡುವ ಕಂಪನಿಗಳು. 2017-18ರಲ್ಲಿ ಇವುಗಳ ಷೇರು ಹುಚ್ಚಾಪಟ್ಟೆ ಏರಿ ಆಮೇಲೆ ಇಳಿದದ್ದಕ್ಕೂ ಬ್ಯಾಟರಿಗೂ ಸಂಬಂಧ ಇಲ್ಲ. ಗಣಿಯೇ ಬೇಕು ಅಂದ್ರೆ ಹೊರದೇಶಕ್ಕೆ ಹೋಗಬೇಕಿತ್ತು.

ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಅಮೆರಿಕದ ಷೇರು ಖರೀದಿಸುವ ಖಾತೆ ತೆರೆದುಕೊಟ್ಟ. ಹೊರದೇಶಕ್ಕೆ ದುಡ್ಡು ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ನಾನು ಕಳಿಸಿದ್ದು 1,600 ಡಾಲರ್. ಅದಕ್ಕೇ ಮೂರು ಸಲ ಬ್ಯಾಂಕಿಗೆ ಹೋದೆ. ಎ-2 ಫಾರಂ ಕೊಟ್ಟರೆ ಕೌಂಟರಿನವರು "ಮಗ ಫಾರಿನ್ನಲ್ಲಿ ಓದ್ತಾವ್ನಾ?" ಅಂತ ಕೇಳಿದರು. ದುಡ್ಡು ಯಾತಕ್ಕೆ ಅಂತ ಹೇಳುವ ಪರ್ಪಸ್ ಕೋಡ್ ತಪ್ಪು ಬರೆದು ಮೊದಲ ಸಲ ದುಡ್ಡು ಹೋಗಿ ವಾಪಸ್ ಬಂತು. ಹೋಗುವಾಗೊಂದು ರೇಟು, ಬರುವಾಗೊಂದು ರೇಟು, ಮೇಲೆ ಚಾರ್ಜು. ಷೇರು ಕೊಳ್ಳುವ ಮೊದಲೇ ಎರಡು ಸಾವಿರ ಚಿಲ್ಲರೆ ಕರಗಿತ್ತು. ಸಣ್ಣ ಮೊತ್ತ ಕಳಿಸುವವರು ನಾಲ್ಕು ಸಲ ಕಳಿಸುವ ಬದಲು ಒಂದೇ ಸಲ ಕಳಿಸಿ.

2021ರ ಮಾರ್ಚಿನಲ್ಲಿ ಒಂದು ಗ್ರಾಫೈಟ್ ಗಣಿ ಕಂಪನಿಯ 800 ಷೇರನ್ನು 2 ಡಾಲರಿಗೆ ಒಂದರಂತೆ ಕೊಂಡೆ. ಆಗಿನ ರೇಟಿನಲ್ಲಿ ಸುಮಾರು 1,18,000 ರೂಪಾಯಿ. ಕಂಪನಿಯ ಹೆಸರು ಹೇಳುವುದಿಲ್ಲ, ಕೇಳಬೇಡಿ. ಜಾಗ ಗುರುತಿಸಿದ್ದರು, ಕೊರೆದಿದ್ದರು, ಇನ್ನೂ ಗಣಿ ತೋಡಿರಲಿಲ್ಲ.

ಕೊಂಡ ಮೇಲೆ ಓದಲು ಕೂತೆ. ಕೊಳ್ಳುವ ಮೊದಲೇ ಓದಬೇಕಿತ್ತು, ಬಿಡಿ.

ಮೊದಲನೇ ಪಾಠ ಸಿಕ್ಕಿದ್ದು ಆಲೆಮನೆಯಲ್ಲಿ. ನಮ್ಮಪ್ಪ ಇವತ್ತಿಗೂ ಆಲೆಮನೆ ನಡೆಸುತ್ತಾರೆ. ಒಂದು ಟನ್ ಕಬ್ಬು ಅರೆದರೆ ಬೆಲ್ಲ ಬರುವುದು ನೂರು ಕೆಜಿ ಆಸುಪಾಸು. ನನ್ನ ಕಂಪನಿಯ ಕಲ್ಲಿನಲ್ಲಿ ಗ್ರಾಫೈಟ್ ನೂರಕ್ಕೆ ಎಂಟು. ಓಹೋ, ಬೆಲ್ಲದ ಲೆಕ್ಕವೇ ಇದು ಅಂದುಕೊಂಡೆ. ಅಲ್ಲ. ಕಲ್ಲನ್ನು ಪುಡಿ ಮಾಡಿ, ನೀರಿನಲ್ಲಿ ನೊರೆ ಎಬ್ಬಿಸಿ, ನೊರೆಗೆ ಅಂಟಿ ಮೇಲೆ ಬಂದ ಗ್ರಾಫೈಟನ್ನು ಬಳಿದು ಒಣಗಿಸುತ್ತಾರೆ. ಕೊಪ್ಪರಿಗೆಯಲ್ಲಿ ನಾವು ಮಡ್ಡಿಯನ್ನು ತೆಗೆದು ಎಸೆಯುತ್ತೇವೆ, ಅಲ್ಲಿ ಮೇಲೆ ತೇಲಿದ್ದೇ ಮಾಲು! ಅದು 95 ಪರ್ಸೆಂಟ್ ಶುದ್ಧ. ಇದಕ್ಕೆ ಕಾನ್ಸಂಟ್ರೇಟ್ ಅನ್ನುತ್ತಾರೆ. ಬ್ಯಾಟರಿಯವರಿಗೆ ಇದು ಸಾಲದು. ಚಪ್ಪಟೆ ಹಾಳೆಯಂತಿರುವ ಚೂರುಗಳನ್ನು ಮಷಿನ್ನಿನಲ್ಲಿ ತಿರುಗಿಸಿ ಗುಂಡಗೆ ಮಾಡಬೇಕು. ಆ ಗುಂಡು ಮಾಡುವಾಗ ಹೆಚ್ಚುಕಮ್ಮಿ ಅರ್ಧ ಮಾಲು ಪುಡಿಯಾಗಿ ಹೋಗುತ್ತದೆ. ಉಳಿದದ್ದನ್ನು ಆಸಿಡ್ಡಿನಲ್ಲೋ ಭಾರಿ ಬಿಸಿಯಲ್ಲೋ 99.95 ಪರ್ಸೆಂಟಿಗೆ ತೊಳೆಯಬೇಕು, ಆಮೇಲೆ ಮೇಲೊಂದು ಕಾರ್ಬನ್ ಲೇಪ. ಚೀನಾದಲ್ಲಿ ಇದಕ್ಕೆ ಹೈಡ್ರೋಫ್ಲೋರಿಕ್ ಆಸಿಡ್ ಬಳಸುವುದೇ ರೂಢಿ, ಬೇರೆ ದೇಶದಲ್ಲಿ ಅದಕ್ಕೆ ಪರಿಸರದವರ ಒಪ್ಪಿಗೆ ಸಿಗುವುದೇ ಕಷ್ಟ. ಇಷ್ಟೆಲ್ಲ ಆದ ಮೇಲೂ ಬ್ಯಾಟರಿ ಕಂಪನಿ ಸ್ಯಾಂಪಲ್ ತೆಗೆದುಕೊಂಡು ಚಾರ್ಜ್ ಮಾಡಿ, ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಪರೀಕ್ಷೆ ಮಾಡುತ್ತದೆ.

ಅಂದರೆ ದುಡ್ಡಿರುವುದು ನೆಲದಲ್ಲಲ್ಲ, ಆ ಕಾರ್ಖಾನೆಯಲ್ಲಿ. ನನ್ನ ಕಂಪನಿ ಆ ಕಾರ್ಖಾನೆಗೆ ಇನ್ನೂ ಜಾಗವನ್ನೂ ನೋಡಿರಲಿಲ್ಲ.

ಎರಡನೆಯದು ಬೆಲೆ. ಚಿನ್ನ, ತಾಮ್ರದ ಹಾಗೆ ಗ್ರಾಫೈಟಿಗೆ ದಿನಾ ಟಿವಿಯಲ್ಲಿ ಬರುವ ರೇಟಿಲ್ಲ. ಮಂಡ್ಯ ಎಪಿಎಂಸಿಯಲ್ಲಿ ಅಚ್ಚುಬೆಲ್ಲಕ್ಕೊಂದು ಬೆಲೆ, ಬಕೆಟ್ ಬೆಲ್ಲಕ್ಕೊಂದು ಬೆಲೆ ಅಲ್ವಾ, ಹಾಗೆ ಇಲ್ಲೂ ಚೂರಿನ ಗಾತ್ರ, ಶುದ್ಧತೆ ನೋಡಿ ಕೊಡುವವನೂ ಕೊಳ್ಳುವವನೂ ಮಾತಾಡಿಕೊಳ್ಳುತ್ತಾರೆ. ಬ್ಯಾಟರಿಗೆ ಹೋಗುವುದು ಸಣ್ಣ ಚೂರು, ಜಾಸ್ತಿ ರೇಟು ಇರುವುದು ದೊಡ್ಡ ಚೂರಿಗೆ. ಇದರ ಮೇಲೆ ಗಣಿಯ ಹಂಗೇ ಇಲ್ಲದ ಕೃತಕ ಗ್ರಾಫೈಟ್ ಬೇರೆ ಇದೆ. ಕೋಕನ್ನು 3,000 ಡಿಗ್ರಿ ಹತ್ತಿರ ಕಾಯಿಸಿ ಮಾಡುತ್ತಾರೆ. ಚೀನಾದಲ್ಲಿ ಅದರ ಕಾರ್ಖಾನೆ ವಿಪರೀತ ಆಗಿ ಬೆಲೆ ಬಿತ್ತು, ಗಣಿ ಗ್ರಾಫೈಟಿನ ಬೆಲೆಯನ್ನೂ ಎಳೆದುಕೊಂಡೇ ಬಿತ್ತು.

ಆದರೆ ನನ್ನ ಕೈ ಸುಟ್ಟದ್ದು ಇವೆರಡೂ ಅಲ್ಲ, ಹೊಸ ಷೇರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕೊಂಡಾಗ ಕಂಪನಿಯ ಷೇರು ಒಟ್ಟು 8 ಕೋಟಿ. ಒಂದಕ್ಕೆ 2 ಡಾಲರ್ ಅಂದರೆ ಕಂಪನಿಯ ಬೆಲೆ 16 ಕೋಟಿ ಡಾಲರ್. ಎರಡು ವರ್ಷದ ಮೇಲೆ ಒಂದು ದಿನ ನೋಡಿದರೆ ಕಂಪನಿಯ ಬೆಲೆ ಹಾಗೇ 16 ಕೋಟಿ. ನನ್ನ ಷೇರು ಮಾತ್ರ 1.14. ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಂಡು ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಮಾವ, ಈಗ ಷೇರು ಎಷ್ಟಿವೆ ನೋಡಿದ್ಯಾ? 14 ಕೋಟಿ ಆಗವೆ."

ಗಣಿ ಶುರುವಾಗದ ಕಂಪನಿಗೆ ಆದಾಯ ಇಲ್ಲ. ಕೊರೆಯಲು, ಎಂಜಿನಿಯರಿಗೆ, ಆಫೀಸ್ ಬಾಡಿಗೆಗೆ, ದೊಡ್ಡವರ ಸಂಬಳಕ್ಕೆ ದುಡ್ಡು ಬೇಕು. ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ಹೊಸ ಷೇರು ಅಚ್ಚು ಹಾಕಿ ದೊಡ್ಡ ಕುಳಗಳಿಗೆ ಪೇಟೆ ರೇಟಿಗಿಂತ ಕಡಿಮೆಗೆ ಮಾರುತ್ತದೆ. ನನ್ನ 800 ಹಾಗೇ ಇರುತ್ತದೆ, ಅದರ ಪಾಲು ತೆಳ್ಳಗಾಗುತ್ತದೆ. ಹಾಲಿಗೆ ನೀರು ಹಾಕಿದ ಹಾಗೆ. ಮೋಸ ಅನ್ನುವಂತಿಲ್ಲ, ಎಲ್ಲವನ್ನೂ ವರದಿಯಲ್ಲಿ ಬರೆದೇ ಮಾಡುತ್ತಾರೆ. ಗ್ರಾಫೈಟ್ ಮಾರುವ ತನಕ ಅವರು ಮಾರುವ ಬೆಳೆ ಷೇರೇ, ಅದರ ಗಿರಾಕಿ ನನ್ನಂಥವನು.

ಅಲ್ಲಿಂದಾಚೆ ಕಂಪನಿಯ ಸುದ್ದಿ ಓದುವುದು ಬಿಟ್ಟೆ, ಮೂರು ತಿಂಗಳಿಗೊಮ್ಮೆ ಬರುವ ನಗದಿನ ಲೆಕ್ಕ ಓದಲು ಶುರು ಮಾಡಿದೆ. ಅಂಗಡಿಯ ಬಿಲ್ ಬುಕ್ಕಿನ ಹಿಂದೆ ಗೆರೆ ಎಳೆದು ಎರಡೇ ಅಂಕಣ. ಕೈಯಲ್ಲಿ ಎಷ್ಟಿದೆ, ಮೂರು ತಿಂಗಳಿಗೆ ಎಷ್ಟು ಖರ್ಚು. 2022ರ ಕೊನೆಗೆ 90 ಲಕ್ಷ ಡಾಲರ್ ಇತ್ತು, ಖರ್ಚು 30 ಲಕ್ಷ. ಅಂದರೆ ಒಂಬತ್ತು ತಿಂಗಳ ದುಡ್ಡು. ಅದು ಮುಗಿಯುವುದಕ್ಕೆ ಮೊದಲೇ ಹೊಸ ಷೇರು ಬರಲೇಬೇಕು. 2023ರ ಜುಲೈನಲ್ಲಿ ಬಂತು. ಬೆಲೆ ದಡಕ್ಕನೆ 0.70ಕ್ಕೆ ಬಿತ್ತು. ಈ ಸಲ ನಾನು ಕಾಯುತ್ತಿದ್ದೆ. ಅದೇ ರೇಟಿಗೆ 600 ಕೊಂಡೆ. ಕಂಪನಿಯ ಕೈಗೆ ಆಗಷ್ಟೇ ದುಡ್ಡು ಬಂದಿತ್ತು, ಇನ್ನೊಂದು ವರ್ಷ ನೀರು ಬೆರೆಸುವುದಿಲ್ಲ ಅನ್ನುವ ಧೈರ್ಯ.

2023ರ ಅಕ್ಟೋಬರ್ 20ಕ್ಕೆ ಚೀನಾ ಒಂದು ಪ್ರಕಟಣೆ ಕೊಟ್ಟಿತು. ಡಿಸೆಂಬರ್ 1ರಿಂದ ಗ್ರಾಫೈಟ್ ರಫ್ತಿಗೆ ಪರವಾನಗಿ ಬೇಕು. ವಾರದೊಳಗೆ ನನ್ನ ಷೇರು ಒಂದು ಡಾಲರ್ ದಾಟಿತು. ಅಕ್ಕನ ಮಗ "ಮಾವ, ಈಗ ಮಾರ್ಬೇಡ, ಮೂರಾಗ್ತದೆ" ಅಂದ. ಪರವಾನಗಿ ಅಂದರೆ ಬಂದ್ ಅಲ್ಲ, ಕಾಗದ ತೋರಿಸಿದವನಿಗೆ ಮಾಲು ಹೋಗುತ್ತದೆ ಅನ್ನಿಸಿ 1.02ಕ್ಕೆ ಹಳೆಯ 800 ಕೊಟ್ಟುಬಿಟ್ಟೆ. ಡಾಲರ್ 74ರಿಂದ 83ಕ್ಕೆ ಹೋಗಿದ್ದರಿಂದ ಏಟು ಸ್ವಲ್ಪ ಕಡಿಮೆಯಾಯಿತು. ಹಾಗಿದ್ದೂ ಐವತ್ತು ಸಾವಿರದ ಮೇಲೆ ನಷ್ಟ. ಮೂರು ಆಗಲಿಲ್ಲ. ಮುಂದಿನ ವರ್ಷ ಅರ್ಧ ಡಾಲರ್‌ಗೂ ಕೆಳಗೆ ಹೋಯಿತು.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮಾಲು ತಗೊಳ್ತೀನಿ ಅಂತ ಯಾರಾದ್ರೂ ಒಪ್ಪವ್ರಾ?" ಕಬ್ಬು ಬೆಳೆದವರು ಮೊದಲು ಕೇಳುವುದೇ ಅದನ್ನು. ಕಾರ್ಖಾನೆಯ ಫೀಲ್ಡ್‌ಮನ್ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಹೋದದ್ದೇ ಬೇರೆ, ಕಟಾವಿನ ಪರ್ಮಿಟ್ ಕೈಗೆ ಬಂದದ್ದೇ ಬೇರೆ. ನನ್ನ ಕಂಪನಿ 'ದೊಡ್ಡ ಬ್ಯಾಟರಿ ತಯಾರಕರ ಜೊತೆ ಒಪ್ಪಂದ' ಅಂತ ಎರಡು ಸಲ ಪ್ರಕಟಿಸಿತ್ತು. ಕೆಳಗಿನ ಸಾಲಿನಲ್ಲಿ ಎರಡಕ್ಕೂ 'ನಾನ್-ಬೈಂಡಿಂಗ್', ಅಂದರೆ ಪಾಲಿಸಲೇಬೇಕಿಲ್ಲ, ಅಂತ ಇತ್ತು. ಅದು ಫೀಲ್ಡ್‌ಮನ್ ಪುಸ್ತಕ. ಎಷ್ಟು ಟನ್, ಎಷ್ಟು ವರ್ಷ, ಬೆಲೆ ಹೇಗೆ ಅಂತ ಕಟ್ಟುಪಾಡಿರುವ ಒಪ್ಪಂದ ಇದ್ದರೆ ಮಾತ್ರ ಗಣಿ ಕಟ್ಟಲು ಸಾಲ ಹುಟ್ಟುತ್ತದೆ.

ಗಣಿ ಶುರುವಾದರೂ ನಿದ್ದೆ ಬರುತ್ತದೆ ಅನ್ನುವಂತಿಲ್ಲ. ಮೊಜಾಂಬಿಕ್‌ನ ಬಲಾಮಾ ಗಣಿಯನ್ನೇ ನೋಡಿ. ಆಸ್ಟ್ರೇಲಿಯಾದ ಸೈರಾ ರಿಸೋರ್ಸಸ್‌ನದು, ವರ್ಷಕ್ಕೆ 3.5 ಲಕ್ಷ ಟನ್ ತೆಗೆಯುವ ಶಕ್ತಿ. 2021ರ ಕೊನೆಯಲ್ಲಿ ಟೆಸ್ಲಾ ಜೊತೆ ಒಪ್ಪಂದ ಆಯಿತು, ಅಮೆರಿಕದ ಲೂಸಿಯಾನಾದಲ್ಲಿ ಆನೋಡ್ ಕಾರ್ಖಾನೆ ಕಟ್ಟಿದರು. ಅದಕ್ಕೂ ಮೊದಲು 2020ರಲ್ಲಿ ಒಂದು ವರ್ಷದ ಮಟ್ಟಿಗೆ ಗಣಿ ನಿಲ್ಲಿಸಬೇಕಾಯಿತು. ಒಪ್ಪಂದ, ಕಾರ್ಖಾನೆ ಎಲ್ಲಾ ಆದ ಮೇಲೂ 2024ರ ಕೊನೆಗೆ ಮತ್ತೆ ನಿಂತಿತು. ಈ ಸಲ ಕಾರಣ ಜಮೀನು ಕಳೆದುಕೊಂಡ ರೈತರ ತಕರಾರು, ಜೊತೆಗೆ ಚುನಾವಣೆಯ ಗಲಾಟೆ. ಭೂಮಿ ಕೊಟ್ಟವರ ಸಿಟ್ಟು ಏನು ಅಂತ ಕಾವೇರಿ ಬಯಲಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈಗ ಕಂಪನಿಯ ವರದಿ ಓದುವಾಗ ಆ ಊರಿನವರ ಬಗ್ಗೆ ಎಷ್ಟು ಸಾಲು ಬರೆದಿದ್ದಾರೆ ಅಂತಲೂ ನೋಡುತ್ತೇನೆ.

ತೆರಿಗೆ ಬಗ್ಗೆ ಒಂದು ಮಾತು. ಹೊರದೇಶದ ಷೇರು ಒಂದೇ ಒಂದಿದ್ದರೂ ರಿಟರ್ನ್‌ನಲ್ಲಿ 'ಶೆಡ್ಯೂಲ್ ಎಫ್‌ಎ' ಅನ್ನುವ ಹೊರದೇಶದ ಆಸ್ತಿಯ ಪಟ್ಟಿ ತುಂಬಬೇಕು, ಲಾಭ ಬರಲಿ ಬಿಡಲಿ. ಅದೂ ಏಪ್ರಿಲ್-ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕ. ಮುಚ್ಚಿಟ್ಟ ಆಸ್ತಿ ದೊಡ್ಡದಾದರೆ 10 ಲಕ್ಷ ದಂಡ ಬೀಳಬಹುದು. ರಿಟರ್ನನ್ನು ಗಡುವಿನೊಳಗೆ ಹಾಕಿದರೆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಎಳೆಯಬಹುದು. ನಮ್ಮ ಆಡಿಟರ್ ಈ ಒಂದು ಹಾಳೆಗೆ ಜಾಸ್ತಿ ಫೀಸು ತೆಗೆದುಕೊಂಡರು, ಪರವಾಗಿಲ್ಲ.

ಆ 600 ಷೇರು ಇನ್ನೂ ಇದೆ. ಈ ತಿಂಗಳ ಕೊನೆಗೆ ಮತ್ತೆ ನಗದಿನ ಲೆಕ್ಕ ಬರುತ್ತದೆ. ಬಿಲ್ ಬುಕ್ಕಿನ ಪ್ರಕಾರ ಅವರ ಕೈಯಲ್ಲಿ ಇನ್ನು ಐದು ತಿಂಗಳ ದುಡ್ಡಿದೆ. ಮಾರಲಿಕ್ಕೂ ಹೋಗಿಲ್ಲ, ಹೊಸದಾಗಿ ಕೊಳ್ಳಲಿಕ್ಕೂ ಹೋಗಿಲ್ಲ. ಹೊಸ ಷೇರು ಯಾವ ರೇಟಿಗೆ ಬಿಡುತ್ತಾರೋ ನೋಡೋಣ ಅಂತ ಕೂತಿದ್ದೇನೆ.