ಕಾರಿನಲ್ಲಿ ಸದಾ ಇರಬೇಕಾದ ಒಂದು ಚೀಲ

ಮೈಸೂರಿನಿಂದ ಹೊರಟರೆ ಒಂದೆರಡು ಗಂಟೆಯೊಳಗೆ ಕಾಡು, ಬೆಟ್ಟ, ಹೊಳೆ ಎಲ್ಲವೂ ಸಿಗುತ್ತವೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮೇಲುಕೋಟೆ, ಶಿವನಸಮುದ್ರ, ಮುತ್ತತ್ತಿ ಎಂದು ನಮ್ಮ ಮನೆಗಳ ಮಕ್ಕಳು ಭಾನುವಾರ ಬಂದರೆ ಸಾಕು, ಕಾರು ತೆಗೆದುಕೊಂಡು ಹೊರಡುತ್ತಾರೆ. ಹೊರಡುವಾಗ ತಿಂಡಿಯ ಡಬ್ಬಿ, ನೀರಿನ ಬಾಟಲಿ, ಮೊಬೈಲ್ ಚಾರ್ಜರ್ ಯಾವುದನ್ನೂ ಮರೆಯುವುದಿಲ್ಲ. ಆದರೆ ರಾತ್ರಿ ಎಂಟರ ಹೊತ್ತಿಗೆ, ನೆಟ್‌ವರ್ಕ್ ಸಿಗದ ಒಂದು ತಿರುವಿನಲ್ಲಿ ಗಾಡಿ ಕೆಟ್ಟು ನಿಂತರೆ ಏನೇನು ಬೇಕಾದೀತು ಎಂದು ಯೋಚಿಸಿ ಕಟ್ಟಿಟ್ಟ ಚೀಲವೊಂದು ಬಹಳ ಕಾರುಗಳಲ್ಲಿ ಇರುವುದಿಲ್ಲ. ಅಂಥ ಚೀಲವನ್ನು ಹೇಗೆ ಕಟ್ಟಬೇಕು, ಅದರಲ್ಲಿ ಏನಿರಬೇಕು, ಏನು ಇರಲೇಬಾರದು ಎಂಬುದನ್ನು ಇಷ್ಟು ವರ್ಷ ಸಂಸಾರ ನಡೆಸಿದ ತಿಳಿವಳಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಪತ್ಕಾಲದ ಚೀಲ ಬೇರೆ, ಕ್ಯಾಂಪಿಂಗ್ ಚೀಲ ಬೇರೆ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನ್ನೂ ಒಂದರಲ್ಲೇ ತುಂಬಿದರೆ, ಟೆಂಟ್ ಹಾಕಿ ಬಂದ ಮರುದಿನ ಟಾರ್ಚು ಮನೆಯ ಡ್ರಾಯರಿಗೆ, ಚಾಕು ಅಡುಗೆಮನೆಗೆ, ಟವೆಲ್ ಒಗೆಯುವ ಬಟ್ಟೆಯ ರಾಶಿಗೆ ಸೇರುತ್ತವೆ, ಕಾರಿನಲ್ಲಿ ಬರಿಯ ಚೀಲ ಉಳಿಯುತ್ತದೆ. ಆಪತ್ಕಾಲದ್ದು ವರ್ಷವಿಡೀ ಕಾರಿನಲ್ಲೇ ಇರಲಿ. ಕ್ಯಾಂಪಿಂಗಿನದು ಮನೆಯ ಅಟ್ಟದ ಮೇಲೆ ಅರ್ಧ ಕಟ್ಟಿದ ಸ್ಥಿತಿಯಲ್ಲಿದ್ದು, ಹೊರಡುವ ದಿನ ಡಿಕ್ಕಿ ಸೇರಲಿ.

ಕಾರಿನಲ್ಲೇ ಇರುವ ಚೀಲಕ್ಕೆ ಮೊದಲ ಶತ್ರು ಕಳ್ಳನಲ್ಲ, ಬಿಸಿಲು. ಏಪ್ರಿಲ್ ತಿಂಗಳಲ್ಲಿ ಹೊರಗೆ 35 ಡಿಗ್ರಿ ಇದ್ದರೆ, ಗಾಜು ಏರಿಸಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಉಷ್ಣತೆ 50 ಡಿಗ್ರಿಯನ್ನೂ ದಾಟುತ್ತದೆ. ಆದ್ದರಿಂದ ಪವರ್ ಬ್ಯಾಂಕ್, ಗ್ಯಾಸ್ ಲೈಟರ್, ಸೊಳ್ಳೆಗೆ ಹೊಡೆಯುವ ಸ್ಪ್ರೇ ಡಬ್ಬಿ, ಸ್ಯಾನಿಟೈಸರ್ ಇವುಗಳನ್ನು ನಿಂತ ಕಾರಿನಲ್ಲಿ ಬಿಡಬಾರದು, ಇವು ಉಬ್ಬಬಹುದು, ಸೋರಬಹುದು, ಬೆಂಕಿಗೂ ಕಾರಣವಾಗಬಹುದು. ಮೇಣದಬತ್ತಿ ಕರಗಿ ಉಳಿದ ವಸ್ತುಗಳ ಮೇಲೆಲ್ಲ ಹರಡಿಕೊಳ್ಳುತ್ತದೆ. ಮನೆಯ ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಈ ಬಿಸಿಗೆ ಶಕ್ತಿಗುಂದುತ್ತವೆ. ಇನ್ಸುಲಿನ್ ಅಂತೂ ಕೆಟ್ಟೇ ಹೋಗುತ್ತದೆ. ಇವೆಲ್ಲ ಕೈಚೀಲದಲ್ಲಿ ಜನರೊಂದಿಗೆ ಹತ್ತಿ ಜನರೊಂದಿಗೇ ಇಳಿಯಬೇಕು. ಹೊಸ್ತಿಲು ದಾಟುವಾಗ ಕಣ್ಣಿಗೆ ಬೀಳುವಂತೆ ಕಾರಿನ ಕೀಲಿ ನೇತುಹಾಕುವ ಮೊಳೆಗೇ ಆ ಕೈಚೀಲವನ್ನೂ ನೇತುಹಾಕಿದರೆ ಮರೆಯುವುದಿಲ್ಲ.

ಚೀಲಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಮೊಮ್ಮಗನೋ ಮೊಮ್ಮಗಳೋ ಕಾಲೇಜಿಗೆ ಒಯ್ದು ಬಿಟ್ಟ 30 ಲೀಟರಿನ ಬೆನ್ನಿನ ಚೀಲ ಸಾಕು, ಜಿಪ್ ಗಟ್ಟಿಯಾಗಿರಬೇಕು, ಎರಡೂ ಪಟ್ಟಿ ಸರಿಯಿರಬೇಕು. ಗಾಡಿ ಬಿಟ್ಟು ನಡೆಯಬೇಕಾಗಿ ಬಂದಾಗ ಎರಡೂ ಕೈ ಬಿಡುವಾಗಿರಲಿ ಎಂದೇ ಬೆನ್ನಿನ ಚೀಲ ಬೇಕೆನ್ನುವುದು. ಇದನ್ನು ಡಿಕ್ಕಿಯಲ್ಲಿಡಬೇಡಿ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಡಿಕ್ಕಿ ತೆರೆಯದೆ ಹೋಗಬಹುದು. ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ, ಪಟ್ಟಿಯನ್ನು ಸೀಟಿಗೆ ಸಿಕ್ಕಿಸಿಟ್ಟರೆ ಬ್ರೇಕ್ ಹಾಕಿದಾಗ ಹಾರುವುದಿಲ್ಲ. ಒಳಗಿನ ವಸ್ತುಗಳನ್ನು ಬಿಡಿಬಿಡಿಯಾಗಿ ತುಂಬದೆ ಬಟ್ಟೆಯ ಸಣ್ಣ ಸಂಚಿಗಳಲ್ಲಿ ಹಾಕಿ, ಔಷಧಿಗೆ ಕೆಂಪು, ತಿನಿಸಿಗೆ ಹಸಿರು, ಉಪಕರಣಗಳಿಗೆ ಒರಟು ಗೋಣಿಬಟ್ಟೆ ಎಂದು ಬೇರೆಬೇರೆ ಬಟ್ಟೆ ಆರಿಸಿದರೆ ನೋಡಿದೊಡನೆ ಗುರುತು ಸಿಗುತ್ತದೆ, ಗೋಣಿಬಟ್ಟೆಯದು ಕತ್ತಲಲ್ಲಿ ಮುಟ್ಟಿದರೂ ತಿಳಿಯುತ್ತದೆ. ಗಾಬರಿಯಾದ ಕೈಗೆ ಬೇಕಾದದ್ದು ತಕ್ಷಣ ಸಿಗಬೇಕು. ಕಾರು ಓಡಿಸುವವರಿಗೆ ಮಾತ್ರ ಗೊತ್ತಿರುವ ಚೀಲದಿಂದ ಉಪಯೋಗವಿಲ್ಲ, ಏಕೆಂದರೆ ಪೆಟ್ಟು ಬಿದ್ದಿರುವುದು ಅವರಿಗೇ ಇರಬಹುದು. ಆದುದರಿಂದ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಒಮ್ಮೆ ಬಿಚ್ಚಿ ತೋರಿಸಿ, ಹತ್ತು ವರ್ಷದ ಮಗುವಿನ ಕೈಯಲ್ಲೇ ಮತ್ತೆ ತುಂಬಿಸಿ.

ಎಲ್ಲಕ್ಕಿಂತ ಮೇಲೆ ಬೆಳಕು ಇರಲಿ. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವ ಟಾರ್ಚು ಮೇಲು, ಚಕ್ರ ಬದಲಿಸಲೂ ಗಾಯಕ್ಕೆ ಬಟ್ಟೆ ಸುತ್ತಲೂ ಎರಡು ಕೈ ಬೇಕಲ್ಲ. ಸೆಲ್ ಹಾಕುವ ಜಾಗದಲ್ಲಿ, ಸೆಲ್ಲಿಗೂ ಲೋಹದ ತಗಡಿಗೂ ನಡುವೆ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕತ್ತರಿಸಿ ಸಿಕ್ಕಿಸಿ, ತುದಿ ಹೊರಗೆ ಕಾಣುವಂತೆ ಬಿಡಿ. ಎಳೆದ ಕೂಡಲೇ ಟಾರ್ಚು ಹೊತ್ತಿಕೊಳ್ಳುತ್ತದೆ, ಅಲ್ಲಿಯವರೆಗೆ ಸೆಲ್ ಇಳಿಯುವುದಿಲ್ಲ. ಆದರೂ ಬಿಸಿಗೆ ಸೆಲ್ ಸೋರುವುದುಂಟು. ಆರು ತಿಂಗಳಿಗೊಮ್ಮೆ ಹೊಸದು ಹಾಕಿ, ತೆಗೆದದ್ದನ್ನು ಗೋಡೆ ಗಡಿಯಾರಕ್ಕೆ ಹಾಕಿದರೆ ನಷ್ಟವೂ ಇಲ್ಲ. ಬೆಂಕಿಕಡ್ಡಿಯನ್ನು ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಹಾಕಿ, ಪೊಟ್ಟಣದ ಗೀರುವ ಪಟ್ಟಿಯನ್ನು ಕತ್ತರಿಸಿ ಡಬ್ಬಿಯ ಹೊರಮೈಗೆ ಅಂಟಿಸಿ, ಮೇಲೊಂದು ಪ್ಲಾಸ್ಟಿಕ್ ಸುತ್ತಿ. ಒಂದು ಸೀಟಿಯೂ ಇರಲಿ. ಕೂಗಿ ಕೂಗಿ ಗಂಟಲು ಕಟ್ಟಿದವರ ಧ್ವನಿಗಿಂತ ಮೂರು ಮೂರು ಬಾರಿ ಊದುವ ಸೀಟಿ ದೂರ ಕೇಳಿಸುತ್ತದೆ.

ಬಟ್ಟೆಗಳಲ್ಲಿ ನಾನು ಎರಡನ್ನು ಬಿಡುವುದೇ ಇಲ್ಲ, ಹಳೆಯ ಹತ್ತಿಯ ಪಂಚೆ ಮತ್ತು ಕುರಿ ಉಣ್ಣೆಯ ಕಂಬಳಿ. ಪಂಚೆಯನ್ನು ಚೆನ್ನಾಗಿ ಒಗೆದು, ಬಿಸಿಲಿಗೆ ಒಣಗಿಸಿ, ಬಿಸಿ ಇಸ್ತ್ರಿ ಹಾಕಿ, ಶುಭ್ರವಾದ ಕವರಿನಲ್ಲಿ ಕಟ್ಟಿಡಬೇಕು. ಅಂಚನ್ನು ಅಲ್ಲಲ್ಲಿ ಕತ್ತರಿಯಿಂದ ಒಂದು ಬೆರಳಿನಷ್ಟು ಕತ್ತರಿಸಿಟ್ಟಿದ್ದರೆ ಬೇಕಾದಾಗ ಸರ್ರೆಂದು ಹರಿದು ಪಟ್ಟಿ ಮಾಡಿಕೊಳ್ಳಬಹುದು. ಅದೇ ಬಟ್ಟೆ ಮುರಿದ ಕೈಯನ್ನು ಕುತ್ತಿಗೆಗೆ ತೂಗುಹಾಕಲು ಜೋಲಿಯಾಗುತ್ತದೆ, ಬಿಸಿಲಿಗೆ ತಲೆಗೆ ಸುತ್ತಲಾಗುತ್ತದೆ, ನಾಲ್ಕು ಮಡಿಕೆ ಮಾಡಿದರೆ ಕೆಸರು ನೀರು ಸೋಸಲಾಗುತ್ತದೆ. ಕಂಬಳಿಯ ವಿಚಾರಕ್ಕೆ ಬಂದರೆ, ಮೃದುವಾದ ಬ್ಲಾಂಕೆಟ್ ಕೊಳ್ಳುವ ಮಕ್ಕಳಿಗೆ ಇದರ ಬೆಲೆ ಇನ್ನೂ ಗೊತ್ತಾಗಿಲ್ಲವೆಂದು ನನಗನಿಸುತ್ತದೆ. ಉಣ್ಣೆ ಒದ್ದೆಯಾದರೂ ಮೈ ಬೆಚ್ಚಗಿಡುತ್ತದೆ. ನೈಲಾನಿನಂತೆ ಭಗ್ಗನೆ ಹತ್ತಿಕೊಳ್ಳುವುದಿಲ್ಲವಾದ್ದರಿಂದ ಸಣ್ಣ ಬೆಂಕಿಯನ್ನು ಅದುಮಿ ಆರಿಸಲೂ ಬರುತ್ತದೆ. ಕೆಸರಿನಲ್ಲಿ ಚಕ್ರ ಹೂತರೆ ಅಡಿಗೆ ಹಾಸಬಹುದು. ಬಂಡೀಪುರದ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಊಟಿಗೋ ವಯನಾಡಿಗೋ ಹೊರಟು ತಡವಾದವರು ಚೆಕ್‌ಪೋಸ್ಟಿನ ಈಚೆ ಕಾರಿನಲ್ಲೇ ರಾತ್ರಿ ಕಳೆಯಬೇಕಾದಾಗ, ಡಿಸೆಂಬರಿನ ಚಳಿಗೆ ಈ ಕಂಬಳಿಯೇ ಆಸರೆ. ನುಸಿ ಹಿಡಿಯದಂತೆ ಮಡಿಕೆಗಳ ನಡುವೆ ಒಣಗಿದ ಬೇವಿನ ಸೊಪ್ಪು ಇಡಿ. ಚಳಿಯೆಂದು ಗಾಜು ಮುಚ್ಚಿ ಎಂಜಿನ್ ಚಾಲೂ ಇಟ್ಟು ಮಲಗುವುದು ಮಾತ್ರ ಎಂದಿಗೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ತಿನಿಸಿಗೆ ಬಿಸ್ಕತ್ತು, ಚಾಕೊಲೇಟುಗಳಿಗಿಂತ ನಮ್ಮ ಕಡೆಯ ರಾಗಿ ಹುರಿಹಿಟ್ಟನ್ನೇ ನಾನು ಹೇಳುವುದು. ರಾಗಿಯನ್ನು ನೀರು ಚಿಮುಕಿಸಿ ನೆನೆಸಿ, ನೆರಳಿನಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಅರಳಾಗುವಂತೆ ಹುರಿದು ಬೀಸಿದ ಹಿಟ್ಟು ಆಗಲೇ ಬೆಂದಿರುವುದರಿಂದ ಒಲೆ ಬೇಕಿಲ್ಲ. ಲೋಟದಲ್ಲಿ ತಣ್ಣೀರು ಹಾಕಿ, ಬೆಲ್ಲ ಕದಡಿ, ಹಿಟ್ಟು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಮಕ್ಕಳೂ ಕುಡಿಯುತ್ತಾರೆ. ಮನೆಯಲ್ಲಿ ತಿನ್ನಲು ಮಾಡುವಾಗ ಕೊಬ್ಬರಿ, ಹುರಿಗಡಲೆ ಸೇರಿಸುತ್ತೇವೆ, ಆದರೆ ಕಾರಿನ ಚೀಲಕ್ಕೆ ಅವೆರಡೂ ಬೇಡ, ಬಿಸಿಗೆ ಬೇಗ ಕಮಟು ವಾಸನೆ ಬರುತ್ತದೆ. ಬೆಲ್ಲವನ್ನು ಬೆರೆಸಿಡಬೇಡಿ, ಪಸೆಯೊಡೆದು ಹಿಟ್ಟು ಗಂಟು ಕಟ್ಟುತ್ತದೆ. ಮಂಡ್ಯದ ಅಚ್ಚುಬೆಲ್ಲವನ್ನು ಬೇರೆಯಾಗಿ ಸುತ್ತಿಡಿ. ಎಲ್ಲವೂ ಸ್ಟೀಲ್ ಡಬ್ಬಿಯಲ್ಲೇ ಇರಬೇಕು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇಲಿ ಬರುತ್ತದೆ, ಬಂದ ಇಲಿ ತಿನಿಸನ್ನು ಮಾತ್ರ ಕಡಿದು ಸುಮ್ಮನಾಗದೆ ಗಾಡಿಯ ವೈರಿಗೂ ಬಾಯಿ ಹಾಕುತ್ತದೆ. ಎರಡು ತಿಂಗಳಿಗೊಮ್ಮೆ ಹಿಟ್ಟು ಬದಲಿಸಿ, ತೆಗೆದದ್ದನ್ನು ಆ ಸಂಜೆಯೇ ಮನೆಯಲ್ಲಿ ಬಳಸಿಬಿಡಿ. ನೀರನ್ನು ಸ್ಟೀಲ್ ಬಾಟಲಿಯಲ್ಲಿ ಹೊರಡುವಾಗಲೇ ತುಂಬಿಕೊಳ್ಳುವುದು ಸರಿ, ಜೊತೆಗೆ ಐದು ಲೀಟರಿನ ಒಂದು ಕ್ಯಾನ್ ಇರಲಿ. ಹೊಳೆಯ ನೀರು ಕುಡಿಯಲೇಬೇಕಾಗಿ ಬಂದರೆ ಸೋಸಿದ ಮಾತ್ರಕ್ಕೆ ಶುದ್ಧವಾಯಿತೆಂದು ತಿಳಿಯಬೇಡಿ. ಸೋಸಿದ ಮೇಲೆ ಕುದಿಸಬೇಕು, ಇಲ್ಲವೇ ಕ್ಲೋರಿನ್ ಮಾತ್ರೆಯನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಹಾಕಿ ಅರ್ಧ ಗಂಟೆ ಬಿಡಬೇಕು.

ಔಷಧಿಯ ಸಂಚಿಯಲ್ಲಿ ಗಾಯದ ಮೇಲಿಡುವ ತೆಳು ಗಾಜ್ ಬಟ್ಟೆ, ಅಂಟುಪಟ್ಟಿ, ಅಗಲವಾದ ಕ್ರೇಪ್ ಬ್ಯಾಂಡೇಜು, ಕತ್ತರಿ, ಕೈಗವಸು, ಗಾಯದ ಮುಲಾಮು, ವಾಂತಿಭೇದಿಯಿಂದ ಮೈಯ ನೀರು ಕಳೆದವರಿಗೆ ಕೊಡುವ ಓ.ಆರ್.ಎಸ್. ಪೊಟ್ಟಣ ಇಷ್ಟಿದ್ದರೆ ಸಾಕು. ಓ.ಆರ್.ಎಸ್. ಅನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕದಡಬೇಕು, ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಳೆಯ ದಿನಪತ್ರಿಕೆಯ ದಪ್ಪ ಕಟ್ಟೊಂದನ್ನು ಚೀಲದ ಬೆನ್ನಿಗೆ ಸೇರಿಸಿಡಿ, ಸುರುಳಿ ಸುತ್ತಿ ಕಟ್ಟಿದರೆ ಮುರಿದ ಕೈಕಾಲಿಗೆ ದಬ್ಬೆಯಾಗುತ್ತದೆ. ಹಾವು ಕಚ್ಚಿದಾಗಲೂ ಅದೇ ದಬ್ಬೆ ಬೇಕು: ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಯಾವುದೂ ಬೇಡ, ಕಚ್ಚಿದ ಭಾಗ ಅಲ್ಲಾಡದಂತೆ ಕಟ್ಟಿ, ಕಚ್ಚಿದ ಸಮಯ ಬರೆದುಕೊಂಡು, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ನಾಟಿ ಮದ್ದಿನವರ ಮನೆ ಹುಡುಕಿಕೊಂಡು ಹೋಗಿ ಹೊತ್ತು ಕಳೆಯಬಾರದೆಂದು ಕೈಮುಗಿದು ಹೇಳುತ್ತೇನೆ.

ಗಾಡಿಗೆ ಸೇರಿದ ವಸ್ತುಗಳಲ್ಲಿ ಕೆಂಪು ತ್ರಿಕೋನ, ಹೊಳೆಯುವ ಪಟ್ಟಿಯ ಜಾಕೆಟ್, ಬ್ಯಾಟರಿ ಇಳಿದಾಗ ಇನ್ನೊಂದು ಗಾಡಿಯ ಬ್ಯಾಟರಿಗೆ ಜೋಡಿಸುವ ಜಂಪರ್ ಕೇಬಲ್, ಚಕ್ರಕ್ಕೆ ಗಾಳಿ ತುಂಬುವ ಪಂಪು, ಹಗ್ಗ ಮುಖ್ಯ. ತ್ರಿಕೋನವನ್ನು ಕಾರಿನ ಬಾಲಕ್ಕೇ ಇಟ್ಟರೆ ಪ್ರಯೋಜನವಿಲ್ಲ, ಸಾಧಾರಣ ರಸ್ತೆಯಲ್ಲಿ 50 ಮೀಟರ್, ಬೆಂಗಳೂರು ಹೆದ್ದಾರಿಯಂಥ ಕಡೆ 100 ಮೀಟರಿಗೂ ಹಿಂದೆ ಇಡಬೇಕು, ಜನ ರಸ್ತೆಯ ಬೇಲಿಯಾಚೆ ನಿಲ್ಲಬೇಕು. ಆದರೆ ಆನೆ ಓಡಾಡುವ ಕಾಡಿನ ರಸ್ತೆಯಲ್ಲಿ ಇಳಿಯಬೇಡಿ, ದೀಪ ಮಿನುಗಿಸುತ್ತ ಒಳಗೇ ಕೂತಿರಿ. ಇನ್ನೊಂದು ವಸ್ತು ಚೀಲದಲ್ಲಿರಬಾರದು, ಚಾಲಕರ ಕೈಗೆ ಎಟುಕುವ ಬಾಗಿಲ ಗೂಡಿನಲ್ಲೇ ಇರಬೇಕು. ಅದು ಗಾಜು ಒಡೆಯುವ, ಸೀಟ್ ಬೆಲ್ಟ್ ಕತ್ತರಿಸುವ ಸಣ್ಣ ಸುತ್ತಿಗೆ. ಮಂಡ್ಯ ಜಿಲ್ಲೆಯಲ್ಲಿ ನಾಲೆಯ ಏರಿಯೇ ರಸ್ತೆಯಾಗಿರುವ ಊರುಗಳೆಷ್ಟೋ ಇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಕಾರು ನೀರಿಗೆ ಬಿದ್ದರೆ ಮೊದಲು ಬೆಲ್ಟ್ ಬಿಚ್ಚಿ, ತಕ್ಷಣವೇ ಕಿಟಕಿ ಇಳಿಸಬೇಕು. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದ ಹೊಡೆದು, ಮಕ್ಕಳನ್ನು ಮೊದಲು ಹೊರಗೆ ನೂಕಿ ತಾವೂ ಬರಬೇಕು. ಮುಂದಿನ ದೊಡ್ಡ ಗಾಜಿಗೆ ಪದರವಿರುವುದರಿಂದ ಎಷ್ಟು ಹೊಡೆದರೂ ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ.

ಒಂದು ಕಾಗದದ ಮೇಲೆ ಮನೆಯವರ ಹೆಸರು, ರಕ್ತದ ಗುಂಪು, ಯಾರಿಗೆ ಯಾವ ಔಷಧಿ ಒಗ್ಗದು, ನೆಂಟರ ಇಬ್ಬರ ಫೋನ್ ಸಂಖ್ಯೆ ಬರೆದು, ತುರ್ತು ಸಹಾಯದ 112, ಆಂಬುಲೆನ್ಸಿನ 108, ರಾಷ್ಟ್ರೀಯ ಹೆದ್ದಾರಿಯ 1033 ಇವನ್ನೂ ದಪ್ಪಕ್ಷರದಲ್ಲಿ ಸೇರಿಸಿ. ನಿಮ್ಮ ಸಿಮ್ಮಿನ ನೆಟ್‌ವರ್ಕ್ ಇಲ್ಲದ ಕಡೆಯೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ, ಪ್ರಯತ್ನಿಸದೆ ಬಿಡಬೇಡಿ. ಜೊತೆಗೆ ಹತ್ತು, ಐವತ್ತು, ನೂರರ ನೋಟುಗಳು.

ಕ್ಯಾಂಪಿಂಗ್ ಚೀಲವನ್ನು ಕಟ್ಟುವಾಗ ಹಗುರವಾದ ಹಾಸಿಗೆ ತಳಕ್ಕೆ, ಪಾತ್ರೆ, ಅಕ್ಕಿ, ಬೇಳೆ ನಡುವೆ ಬೆನ್ನಿಗೆ ಒತ್ತಿಕೊಳ್ಳುವಂತೆ, ಮಳೆಯಂಗಿ ಮೇಲಕ್ಕೆ ಬರಲಿ, ಆಗ ಭಾರ ಹಿಂದಕ್ಕೆ ಎಳೆಯುವುದಿಲ್ಲ. ಒಲೆಯನ್ನೂ ಗ್ಯಾಸ್ ಡಬ್ಬಿಯನ್ನೂ ಹೊರಡುವ ದಿನ ಮಾತ್ರ ಇಟ್ಟುಕೊಂಡು, ಬಂದ ಕೂಡಲೇ ಇಳಿಸಿ. ಬೇಸಿಗೆಯಲ್ಲಿ ಕಾಡಿನಂಚಿನಲ್ಲಿ ಬೆಂಕಿ ಹಾಕುವುದು ಸಲ್ಲದು, ಒಣಹುಲ್ಲಿಗೆ ಒಂದು ಕಿಡಿ ಸಾಕು. ಕಾವೇರಿಯ ದಂಡೆಯಲ್ಲಿ ಟೆಂಟ್ ಹಾಕುವವರು ನೀರು ಕಡಿಮೆಯಿದೆಯೆಂದು ಮರಳಿನ ಮೇಲೋ ನಡುಗಡ್ಡೆಯಲ್ಲೋ ಹಾಕಬೇಡಿ. ಇಲ್ಲಿ ಮಳೆ ಬೀಳದಿದ್ದರೂ ಕೊಡಗಿನಲ್ಲಿ ಬಿದ್ದ ಮಳೆಗೆ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಡುತ್ತಾರೆ, ಹೊಳೆ ರಾತ್ರೋರಾತ್ರಿ ಏರುತ್ತದೆ.

ಚೀಲ ತೆಗೆದು ನೋಡಲು ನಮಗೆ ವರ್ಷದಲ್ಲಿ ಎರಡು ದಿನ ತಾನಾಗಿಯೇ ಒದಗುತ್ತವೆ. ಆಯುಧಪೂಜೆಗೆ ಕಾರನ್ನು ತೊಳೆಯಲು ಒಳಗಿದ್ದದ್ದನ್ನೆಲ್ಲ ಹೇಗೂ ಇಳಿಸುತ್ತೇವೆ, ಆಗ ಚೀಲವನ್ನೂ ಬಿಚ್ಚಿ ಮಹಡಿಯ ಮೇಲೆ ಬಿಸಿಲಿಗೆ ಹರಡಿ, ಸೆಲ್, ಮುಲಾಮು, ಓ.ಆರ್.ಎಸ್. ದಿನಾಂಕ ನೋಡಿ ಬದಲಿಸಿ, ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ. ಎರಡನೆಯದು ಯುಗಾದಿಯ ಹಿಂದಿನ ವಾರ, ಬೇಸಿಗೆ ಬಲಿಯುವ ಮುನ್ನ. ಈ ನಡುವೆ ಚೀಲದಿಂದ ಒಂದು ಅಂಟುಪಟ್ಟಿ ತೆಗೆದರೂ ಮನೆ ತಲುಪಿದ ಸಂಜೆಯೇ ತಂದು ಹಾಕಬೇಕು, ನಾಳೆಗೆಂದು ಬಿಡಬಾರದು. ಟೆಂಟನ್ನು ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿದು ಹೊಲಿಗೆ ಕೊಳೆಯುತ್ತದೆ, ಮಹಡಿಯ ಹಗ್ಗದ ಮೇಲೆ ಪೂರ್ತಿ ಒಣಗಿಸಿ ಅಟ್ಟಕ್ಕೇರಿಸಿ.