70 ಹಾಪ್ ಮಿತಿ ಇದ್ದರೂ ಕರೆ ಸುತ್ತುತ್ತಲೇ ಇತ್ತು: ನಮ್ಮ ಲೂಪ್ ನಿಲ್ಲಿಸಿದ ಕಥೆ

ಇಂಟರ್ನೆಟ್ ಫೋನ್ ಕರೆ ಜೋಡಿಸುವ ಸಿಪ್ ಪದ್ಧತಿಯಲ್ಲಿ ಮ್ಯಾಕ್ಸ್-ಫಾರ್ವರ್ಡ್ಸ್ ಅಂತ ಒಂದು ಎಣಿಕೆ ಇದೆ: ಸಾಮಾನ್ಯವಾಗಿ 70ರಿಂದ ಶುರು, ಪ್ರತಿ ಹಾಪ್‌ಗೆ (ಕರೆ ದಾಟುವ ಒಂದೊಂದು ಸರ್ವರ್‌ಗೆ) ಒಂದು ಕಡಿಮೆ, ಮುಗಿದರೆ ಕರೆ ಅಲ್ಲೇ ನಿಲ್ಲುತ್ತದೆ. ಅದು ಇದೆಯಲ್ಲ, ಲೂಪ್ ಬಗ್ಗೆ ಯಾಕೆ ತಲೆಬಿಸಿ ಅಂತ ನಾನೂ ಸುಮ್ನೆ ಇದ್ದೆ. 19 ಸಾವಿರದ ಬಿಲ್ಲು ಬರೋ ತನಕ.

ನಮಗೆ ಎರಡು ಆಫೀಸು, ಬೆಂಗಳೂರು ಮತ್ತು ಹುಬ್ಬಳ್ಳಿ. ಎರಡೂ ಕಡೆ ಆಸ್ಟರಿಸ್ಕ್ (ಆಫೀಸಿನ ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್), ಮುಂದೆ ಕಮೈಲಿಯೊ (ಕರೆಗಳಿಗೆ ದಾರಿ ತೋರಿಸುವ ಪ್ರಾಕ್ಸಿ), 30 ಚಾನೆಲ್ ಟ್ರಂಕ್, ಅಂದರೆ ಒಮ್ಮೆಗೆ 30 ಕರೆ ಹೊರುವ ಟೆಲಿಕಾಂ ಕಂಪನಿಯ ಲೈನು. ಒಂದು ಶನಿವಾರ ಸಂಜೆ ಇಲ್ಲಿನ ರಿಸೆಪ್ಷನ್‌ನವರು ಫೋನನ್ನು ಹುಬ್ಬಳ್ಳಿಗೆ ಫಾರ್ವರ್ಡ್ ಹಾಕಿ ಮನೆಗೆ ಹೋದರು. ಅಲ್ಲಿಯವರು ಬೆಂಗಳೂರಿಗೆ ಹಾಕಿ ಹೋದರು. ಆಮೇಲೆ ಯಾವುದೋ ಆಟೋ ಡಯಲರ್ ಕರೆ ಬಂತು. ಯಾರೂ ಬಟನ್ ಒತ್ತಲಿಲ್ಲ ಅಂತ ಐವಿಆರ್ (ಒಂದು ಒತ್ತಿ, ಎರಡು ಒತ್ತಿ ಅನ್ನೋ ಧ್ವನಿ ಮೆನು) ಹತ್ತು ಸೆಕೆಂಡ್ ಕಾದು ರಿಸೆಪ್ಷನ್‌ಗೆ ಕೊಟ್ಟಿತು, ಅದು ಹುಬ್ಬಳ್ಳಿಗೆ ಹೋಯಿತು, ಅಲ್ಲಿನ ಐವಿಆರ್ ಎತ್ತಿಕೊಂಡು ಮತ್ತೆ ಇಲ್ಲಿಗೇ ತಳ್ಳಿತು. ಪ್ರತಿ ಸುತ್ತಲ್ಲೂ ಐವಿಆರ್ ಕರೆ ಎತ್ತುತ್ತದೆ, ಅಂದರೆ ಪ್ರತಿ ಸುತ್ತಿಗೂ ಮೀಟರ್. ಆರೇಳು ನಿಮಿಷಕ್ಕೆ 30 ಚಾನೆಲ್ ಭರ್ತಿ. ಕೊನೆಯದು ವಾಯ್ಸ್‌ಮೇಲ್‌ಗೆ ಬಿದ್ದು ರೆಕಾರ್ಡ್ ಆಗುತ್ತಾ ಕೂತಿತ್ತು, ಅದಕ್ಕೂ ಸಮಯದ ಮಿತಿ ಹಾಕಿರಲಿಲ್ಲ. ಸೋಮವಾರ ಬೆಳಿಗ್ಗೆ ನಾನೇ ಕಿತ್ತೆ.

70 ಯಾಕೆ ಉಳಿಸಲಿಲ್ಲ? ಆಸ್ಟರಿಸ್ಕ್ ಬಿ2ಬಿಯುಎ, ಅಂದರೆ ಬಂದ ಕರೆಯನ್ನು ತಾನೇ ಎತ್ತಿಕೊಂಡು ಮುಂದಕ್ಕೆ ಬೇರೆಯೇ ಕರೆ (ಹೊಸ ಲೆಗ್) ಹಚ್ಚುತ್ತದೆ, ಹೊಸ ಲೆಗ್‌ಗೆ ಹೊಸ 70. ಬಂದ ಲೆಕ್ಕದಲ್ಲಿ ಒಂದು ಕಳೆದು ಮುಂದೆ ಕೊಡಿ ಅಂತ 2014ರಲ್ಲೇ ಆರ್‌ಎಫ್‌ಸಿ 7332 (ಇಂಟರ್ನೆಟ್ ಮಾನದಂಡದ ದಾಖಲೆ) ಹೇಳಿದೆ. ನಮ್ಮ ಡಬ್ಬಿಗೆ ಯಾರು ಹೇಳಬೇಕು? ವೆಂಡರ್ ಮೂರು ಲಕ್ಷ ಚಿಲ್ಲರೆಯ ಎಸ್‌ಬಿಸಿ (ನೆಟ್‌ವರ್ಕ್ ಬಾಗಿಲಲ್ಲಿ ಕೂತು ಕರೆಗಳನ್ನು ಕಾಯುವ ಸಾಧನ) ತಗೊಳ್ಳಿ ಅಂದ. ಕಾನ್ಫಿಗ್‌ನಲ್ಲೇ ಆಗುತ್ತೆ ಅಂತ ನಾನು ಅಂದಿದ್ದಕ್ಕೆ ಎಲ್ಲರೂ ನಕ್ಕರು.

ಮೊದಲು ಕಮೈಲಿಯೊದ ಮ್ಯಾಕ್ಸ್‌ಫಾರ್ವರ್ಡ್ ಫಂಕ್ಷನ್‌ಗೆ 10 ಕೊಟ್ಟೆ. ಏನೂ ಆಗಲಿಲ್ಲ. ಮ್ಯಾಕ್ಸ್-ಫಾರ್ವರ್ಡ್ಸ್ ಹೆಡರ್ (ಸಂದೇಶದ ಮೇಲ್ಭಾಗದ ಮಾಹಿತಿ ಸಾಲು) ಇಲ್ಲದೆ ಬಂದ ರಿಕ್ವೆಸ್ಟ್‌ಗೆ ಮಾತ್ರ ಆ 10! ಗರಿಷ್ಠ ಮಿತಿಯ ಪ್ಯಾರಾಮೀಟರ್ ಬೇರೆಯೇ ಇದೆ. ಅದನ್ನು 6ಕ್ಕೆ ಇಳಿಸಿದೆ. ಮರುದಿನ ಸೇಲ್ಸ್‌ನವರು ನನ್ನ ಮೇಜಿನ ಸುತ್ತ ನಿಂತಿದ್ದರು. ಟ್ರಂಕಿನವರ ಒಳಗೇ ಹಾಪ್ ಮುಗಿದು ಒಳ್ಳೆ ಕರೆಗಳಿಗೂ 483 (ಹಾಪ್ ಜಾಸ್ತಿಯಾಯ್ತು ಅನ್ನೋ ಸಿಪ್ ಉತ್ತರ) ಬರುತ್ತಿತ್ತು. ತಿರುಗಿ 70.

ಕೊನೆಗೆ ಕೆಲಸ ಮಾಡಿದ್ದು ಇದು. ನಮ್ಮದೇ ನಂಬರಿಗೆ ಹೋಗುವ ಕರೆ ಟ್ರಂಕಿಗೆ ಹೋಗಲೇಬಾರದು, ಕಮೈಲಿಯೊ ಅದನ್ನು ವಿಪಿಎನ್ (ಎರಡೂ ಆಫೀಸು ಬೆಸೆಯುವ ಖಾಸಗಿ ಜಾಲ) ಒಳಗೇ ತಿರುಗಿಸುತ್ತದೆ. ಹಾಗಾಗಿ ಸುತ್ತು ಎಣಿಸಲು ನಾವು ಹಾಕುವ ಸ್ವಂತ ಹೆಡರ್ ದಾರಿಯಲ್ಲಿ ಕಳೆಯದೆ ಉಳಿಯುತ್ತದೆ. ಆಸ್ಟರಿಸ್ಕ್ ಬಂದ ಲೆಗ್‌ನಲ್ಲಿ ಆ ಎಣಿಕೆ ಓದಿ, ಒಂದು ಕೂಡಿಸಿ, ಹೋಗುವ ಲೆಗ್‌ಗೆ ಹಾಕುತ್ತದೆ. ಇದನ್ನು ಪ್ರೀ-ಡಯಲ್ ಹ್ಯಾಂಡ್ಲರ್‌ನಲ್ಲೇ (ಹೊಸ ಲೆಗ್ ಹುಟ್ಟಿದ ಮೇಲೆ, ಕರೆ ಹೊರಡುವ ಮುಂಚೆ ಅದರ ಮೇಲೆ ಓಡುವ ತುಣುಕು) ಮಾಡಬೇಕು. ನಾನು ಡಯಲ್‌ಗೆ ಮುಂಚಿನ ಸಾಲಲ್ಲಿ ಹಾಕಿ, ಹೆಡರ್ ಎಲ್ಲಿ ಹೋಯ್ತು ಅಂತ ಅರ್ಧ ದಿನ ಹುಡುಕಿದೆ. ಎಣಿಕೆ 4 ಆದರೆ ಕಮೈಲಿಯೊ 483 ಕೊಡುತ್ತದೆ. ಹೊರಗಿಂದ ಯಾರಾದರೂ ಅದೇ ಹೆಡರ್ ಹಾಕಿ ಕಳಿಸಿದರೆ ಬಾಗಿಲಲ್ಲೇ ಕಿತ್ತುಹಾಕಿ. ವಿಪಿಎನ್ ಬಿದ್ದಾಗ ಏನು ಮಾಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

ಇದರ ಮಧ್ಯೆ ಒಂದು ಆಟ ಆಡಿದೆ. ಮ್ಯಾಕ್ಸ್-ಫಾರ್ವರ್ಡ್ಸ್ 0, 1, 2 ಅಂತ ಏರಿಸುತ್ತಾ ಆಪ್ಷನ್ಸ್ (ಇದ್ದೀಯಾ ಅಂತ ವಿಚಾರಿಸುವ ಸಿಪ್ ಸಂದೇಶ) ಕಳಿಸಿದೆ, ದಾರಿಯ ಒಂದೊಂದೇ ಹಾಪ್ ತೋರಿಸುವ ಸಿಪ್‌ಸಾಕ್ ಟೂಲ್‌ನ ಟ್ರೇಸ್‌ರೂಟ್ ಇದ್ದ ಹಾಗೆ. ಎರಡನೇ ಹಾಪಲ್ಲಿ ಗೊತ್ತಿಲ್ಲದ ಐಪಿ ಉತ್ತರ ಕೊಟ್ಟಿತು. ಹೋಗಿ ನೋಡಿದರೆ ನಾವೇ ಮರೆತಿದ್ದ ಹಳೇ ಪ್ರಾಕ್ಸಿ, ರ‍್ಯಾಕಿನ ಕೆಳಗೆ ಧೂಳು ಹಿಡಿದು ಓಡುತ್ತಿತ್ತು.

ಟೆಸ್ಟ್ ದಿನ ಎರಡೂ ಫೋನ್ ಪರಸ್ಪರ ಫಾರ್ವರ್ಡ್ ಹಾಕಿ ಮೊಬೈಲಿಂದ ಕರೆ ಮಾಡಿದೆ. ಸಿಪ್ ಸಂದೇಶ ತೋರಿಸುವ ಎಸ್‌ಎನ್‌ಗ್ರೆಪ್ ಪರದೆಯಲ್ಲಿ ಇನ್ವೈಟ್‌ಗಳು (ಕರೆಯ ಕೋರಿಕೆಗಳು) ಒಂದರ ಕೆಳಗೆ ಒಂದು ಇಳಿದು, ಕೊನೆಗೆ 483. ಹೆಚ್ಚು ನಕ್ಕಿದ್ದವನೇ "ಇನ್ನೊಂದ್ಸಲ ಮಾಡು" ಅಂದ. ಮಾಡಿದೆ.